ಇಡೀ ಖಂಡಕ್ಕೇ ಗೈರುಹಾಜರಾದ ಕಾಗೆಯವರಿಗೆ

ಮಾನ್ಯ ಕಾಗೆಯವರೇ,

ಅಮೆರಿಕದ ಕ್ಯುಪರ್ಟಿನೋದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಚಾವಣಿಯ ಮೇಲೆ ಸದಾ ವಿರಾಜಮಾನರಾಗಿರುವ ತಮಗೂ, ಕಸದ ಡಬ್ಬಿಗಳ ಉಸ್ತುವಾರಿ ಹೊತ್ತ ತಮ್ಮ ಬಂಧುವರ್ಗಕ್ಕೂ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಕರ್ತವ್ಯನಿಷ್ಠೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಪ್ರತಿ ಮಹಾಲಯ ಅಮಾವಾಸ್ಯೆಯಂದು ನನ್ನ ತಾಯಿ ಭದ್ರಮ್ಮನವರು, ತೀರಿಕೊಂಡ ನಮ್ಮಪ್ಪ ಜಯರಾಮ್ ಅವರಿಗೆಂದು ಬಾಲ್ಕನಿಯಲ್ಲಿ ಎಡೆ ಇಟ್ಟು ಒಳಗೆ ಬರುವ ಮೊದಲೇ ತಾವು ಇಳಿದಿರುತ್ತಿದ್ದಿರಿ. ಅಮ್ಮ ಸೆರಗು ಸರಿಮಾಡಿಕೊಂಡು "ಬಂದ್ರಾ?" ಎಂದು ತಮ್ಮನ್ನು ವಿಚಾರಿಸಿ, ಆಮೇಲಷ್ಟೇ ಉಪವಾಸ ಬಿಡುತ್ತಿದ್ದರು.

ಇಂಥ ತಾವು ಈ ವರ್ಷ ದಕ್ಷಿಣ ಅಮೆರಿಕದಲ್ಲಿ ಎಲ್ಲೂ ಕಾಣದೇ ಹೋದುದನ್ನು ಅತ್ಯಂತ ವಿನಯದಿಂದ ತಮ್ಮ ಗಮನಕ್ಕೆ ತರುತ್ತಿದ್ದೇನೆ. ಬ್ರೆಜಿಲ್‌ನ ಪಂತನಾಲ್ ಎಂಬ ನದಿಬಯಲಿನಲ್ಲಿ ಕಾರಿನಲ್ಲಿ ಸುತ್ತಿ, ಚಿರತೆಯ ದಾಯಾದಿಯಾದ ಜಾಗ್ವಾರ್ ನೋಡಬೇಕೆಂಬ ಹಟ ನನ್ನದು. ಜಾಗ್ವಾರ್ ಯಾವ ತಿಂಗಳಲ್ಲಿ ಕಾಣಿಸುತ್ತದೆಂದು ಇಂಟರ್ನೆಟ್ಟನ್ನೆಲ್ಲ ಜಾಲಾಡಿ ಮನೆಮಂದಿಗೆಲ್ಲ ಟಿಕೆಟ್ ತೆಗೆದ ನಾನು, ಅಡುಗೆಮನೆಯ ಗೋಡೆಯಲ್ಲಿ ತೂಗುವ ಪಂಚಾಂಗದ ಕ್ಯಾಲೆಂಡರ್ ಮಾತ್ರ ನೋಡಿರಲಿಲ್ಲ. ಅಮಾವಾಸ್ಯೆ ಬಂದದ್ದು ಅಲ್ಲಿನ ಕೆಂಪು ಮಣ್ಣಿನ ರಸ್ತೆಯ ನಟ್ಟನಡುವೆ.

ಅಮ್ಮ ಲಾಡ್ಜಿನಲ್ಲೇ ಕುಕ್ಕರ್ ಇಟ್ಟು ಅಡುಗೆ ಮಾಡಿ, ಹಿತ್ತಲಿನ ಬಾಳೆಯಿಂದ ಎಲೆ ಕೊಯ್ದು, ಸೂಟ್‌ಕೇಸಿನಲ್ಲಿ ಬಂದಿದ್ದ ಕಜ್ಜಾಯವನ್ನೂ ಬಡಿಸಿ, ನದಿಯ ದಡದಲ್ಲಿ ಎಡೆ ಇಟ್ಟರು. ಬಂದವರಿಗೇನೂ ಕೊರತೆಯಿರಲಿಲ್ಲ. ಮೊಸಳೆ ಬಂತು, ಗಿಣಿ ಬಂತು, ಹೆಸರು ಗೊತ್ತಿಲ್ಲದ ಕೊಕ್ಕರೆಗಳೆಲ್ಲ ಬಂದವು, ಎಡೆಯನ್ನು ದೂರದಿಂದಲೇ ನೋಡಿ ಹೋದವು, ತಾವು ಮಾತ್ರ ಬರಲಿಲ್ಲ. ನನ್ನ ಮಗಳು ನಿಸರ್ಗಾ ಫೋನು ನೋಡಿ, "ಅಜ್ಜಿ, ನೋ ಕ್ರೋಸ್ ಇನ್ ಸೌತ್ ಅಮೆರಿಕಾ" ಎಂದಳು. "ಕಾಗೆ ಇಲ್ದಿರೋ ಊರೂ ಐತೇನ್ಲಾ? ಸರ್ಯಾಗಿ ನೋಡೋಕ್ ಹೇಳು" ಎಂದು ಅಮ್ಮ ನನ್ನನ್ನು ಗದರಿದರು. ಬಿಸಿಲು ಏರಿತು. ಸಕ್ಕರೆ ಕಾಯಿಲೆಯ ಹೆಂಗಸು ಹನಿ ನೀರೂ ಮುಟ್ಟದೆ ಕೂತಿದ್ದರು. ನನಗೆ ನಿಜಕ್ಕೂ ಭಯವಾಯಿತು. ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಮೀಟಿಂಗು ನಡೆಸುವ ನಾನು, ಹೆಂಡತಿ ಮಾಧುರಿಯ ಜೊತೆ ಆಕಾಶಕ್ಕೆ ಮುಖವೆತ್ತಿ "ಕಾ, ಕಾ" ಎಂದು ಗಂಟಲು ಹರಿಯುವಂತೆ ಕೂಗಿದೆ. ನಮ್ಮ ಬೆನ್ನ ಹಿಂದೆ ಜಾಗ್ವಾರ್ ಬಂದು, ನೀರು ಕುಡಿದು, ಹೊರಟುಹೋಯಿತಂತೆ. ಗೈಡ್ ತೆಗೆದ ಫೋಟೋದಲ್ಲಿ ಅದರ ಬಾಲವೂ ನನ್ನ ತೆರೆದ ಬಾಯಿಯೂ ಸ್ಪಷ್ಟವಾಗಿವೆ.

ಆದ್ದರಿಂದ ತಾವು ದಯವಿಟ್ಟು ಪಂತನಾಲ್‌ನಲ್ಲಿ ಒಂದು ಶಾಖೆ ತೆರೆಯಬೇಕು, ಇಲ್ಲವೇ ಅಲ್ಲಿನ ಗಿಣಿಗಳಿಗಾದರೂ ಅಧಿಕಾರಪತ್ರ ಬರೆದುಕೊಡಬೇಕು ಎಂದು ಕೋರುವವನಿದ್ದೆ. ಅಷ್ಟರಲ್ಲಿ ಅದರ ಅಗತ್ಯವೇ ತಪ್ಪಿತು. ಹೆಗ್ಗಣವೊಂದು ಕುರಿಯಷ್ಟು ಬೆಳೆದಂತೆ ಕಾಣುವ ಕ್ಯಾಪಿಬಾರಾ ಎಂಬ ಪ್ರಾಣಿ ನೀರಿನಿಂದೆದ್ದು ಬಂದು, ಯಾರ ಮುಖವನ್ನೂ ನೋಡದೆ, ಎಲೆಯ ಸಮೇತ ಊಟ ಮುಗಿಸಿ, ಉಪ್ಪಿನಕಾಯಿ ಇದ್ದ ಮೂಲೆಯನ್ನು ಮಾತ್ರ ಬಿಟ್ಟಿತು. ಅಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. "ಬಂದ್ರಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಉಪ್ಪಿನಕಾಯಿ ಮುಟ್ಟಲಿಲ್ಲ ನೋಡ್ಲಾ. ಬಿಪಿಗೆ ಡಾಕ್ಟ್ರು ಬ್ಯಾಡ ಅಂದಿದ್ದು ಇನ್ನೂ ಜ್ಞಾಪಕ ಐತೆ" ಎಂದು ಹೇಳಿ ಊಟಕ್ಕೆ ಕೂತರು. ನಗಬೇಕೆಂದುಕೊಂಡ ನನಗೆ ಅಳು ಬಂತು. ಅಪ್ಪ ಬದುಕಿದ್ದಾಗಲೂ ಹಾಗೆಯೇ, ಊಟವಾದ ಮೇಲೆ ಯಾರನ್ನೂ ಮಾತಾಡಿಸದೆ ಎದ್ದು ಹೋಗುತ್ತಿದ್ದರು.

ತಾವು ಇಷ್ಟು ವರ್ಷ ಸಲ್ಲಿಸಿದ ಸೇವೆಗೆ ನಮ್ಮ ಮನೆತನ ಚಿರಋಣಿ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ನಾಗಾರ್ಜುನ

ತಾ.ಕ.: ಈ ಪತ್ರ ಬರೆಯುತ್ತಿರುವಾಗಲೇ ತಾವು ಬಾಲ್ಕನಿಗೆ ಬಂದು, ಒಣಗಲಿಟ್ಟ ಸಂಡಿಗೆಗೆ ಬಾಯಿ ಹಾಕಿದಿರಿ. ಅಮ್ಮ ಸೆರಗು ಸರಿಮಾಡಿಕೊಳ್ಳಲಿಲ್ಲ. ಪೊರಕೆ ಎತ್ತಿಕೊಂಡು, "ಹುಷ್, ಹೋಗಾಚೆ!" ಎಂದರು.