ಜೋರು ಜೋಗುಳ

ಸೋದರಮಾವ ಹಾಡಿ ಕಳಿಸಿದ ಜೋಗುಳ ಯಾರ ಕಿವಿಗೂ ಬೀಳಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಈತನಿಗೆ ಭಾನುವಾರ ಬಂತೆಂದರೆ ಮಲಗುವ ಕೋಣೆಯೇ ಸ್ಟುಡಿಯೋ. ಒಂದು ಮೈಕು, ಹಳೆಯ ಕಂಪ್ಯೂಟರು, ತಲೆಗೊಂದು ಹೆಡ್‌ಫೋನು. ಇವನ ಸಂಗೀತವನ್ನು ಮನೆಯಲ್ಲಿ ಯಾರೂ ಲೆಕ್ಕಕ್ಕೆ ಇಟ್ಟವರಲ್ಲ. ಅಂಥದ್ದರಲ್ಲಿ ತಂಗಿಯೇ ಬಾಯಿಬಿಟ್ಟು ಕೇಳಿದ್ದಳು. ಮಗು ಮಲಗುವುದಿಲ್ಲ, ತಾನು ಕಣ್ಣು ಮುಚ್ಚಿ ಎಷ್ಟೋ ದಿನವಾಯಿತು, ಒಂದು ಜೋಗುಳ ಹಾಡಿ ಕಳಿಸು ಎಂದು. ಅವಳು ಹಾಗೆ ಕೇಳಿದ ಶನಿವಾರ ರಾತ್ರಿಯೇ ಹಾಡಿ ಕಳಿಸಿದ್ದ.

ಭಾನುವಾರ ಬೆಳಿಗ್ಗೆ ಫೋನು ಬಂತು.

“ಅಣ್ಣಾ, ಏನೂ ಕೇಳಿಸ್ತಾನೇ ಇಲ್ಲ ಕಣೋ. ಸೌಂಡು ಪೂರ್ತಿ ಇಟ್ರೂ ನೀನು ಪಕ್ಕದ ಬೀದೀಲಿ ನಿಂತು ಹಾಡಿದಂಗಿದೆ. ಮಗೂನ ಚಿಕ್ಕಪ್ಪಾನೂ ಒಂದು ಹಾಡು ಕಳಿಸಿದಾರೆ, ಅದನ್ನ ಹಾಕಿದ್ರೆ ಕಿಟಕಿ ನಡುಗುತ್ತೆ.”

“ಅದಕ್ಕೆ ಮಗು ಮಲಗ್ತಾ?”

“ಎಲ್ಲಿ ಮಲಗುತ್ತೆ! ಆದ್ರೂ ಕೇಳಿಸುತ್ತಲ್ಲ.”

ಚಿಕ್ಕಪ್ಪನ ಮುಂದೆ ಸೋದರಮಾವ ತಲೆ ತಗ್ಗಿಸುವುದೇ? ಸಂಜೆಯೊಳಗೆ ಜೋರಾದ ಜೋಗುಳ ಕಳಿಸುತ್ತೇನೆಂದು ಮಾತು ಕೊಟ್ಟುಬಿಟ್ಟ.

ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡ ಪಕ್ಕದ ಮನೆಯ ಡ್ರೈವರಣ್ಣ ಕರೆಯದೆಯೇ ಬಂದರು. ಜೀವಮಾನವೆಲ್ಲ ರಾತ್ರಿ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಬೀದಿಯವರ ಸಂಸಾರಗಳನ್ನು ಓಡಿಸುತ್ತಿದ್ದರು.

“ಹಾರನ್ನು ಮೆಲ್ಲಗೆ ಒತ್ತಿದ್ರೆ ಯಾರು ದಾರಿ ಬಿಡ್ತಾರೆ ತಮ್ಮಾ? ಗಂಟಲು ಬಿಟ್ಟು ಹಾಡು!”

ಗಂಟಲು ಬಿಟ್ಟು ಹಾಡಿದ. ಕಂಪ್ಯೂಟರಿನ ಪರದೆಯಲ್ಲಿ ಸದ್ದಿನ ಗೆರೆ ಕೆಂಪಾಯಿತು. ಮತ್ತೆ ಹಾಕಿ ಕೇಳಿದರೆ ತಗಡನ್ನು ರಸ್ತೆಯ ಮೇಲೆ ಎಳೆದಂತಿತ್ತು. ಮಹಡಿಯ ಮನೆಯ ಟೀಚರು ದಡಬಡನೆ ಇಳಿದು ಬಂದರು.

“ಯಾರಿಗೆ ಏನಾಯ್ತು?”

“ಏನಿಲ್ಲ ಟೀಚರ್, ಜೋಗುಳ,” ಎಂದಳು ಇವನ ಅಮ್ಮ.

“ಪಾಪ, ಆ ಮಗು ಏನ್ ತಪ್ಪು ಮಾಡ್ತು?”

ಕೊನೆಗೆ ಮೈಕ್‌ಸೆಟ್ ಅಂಗಡಿಯವನಿಗೆ ಫೋನಾಯಿತು. ಅವನು ನಕ್ಕ. “ಕಿರುಚಿದ್ರೆ ಜೋರಾಗಲ್ಲ ಸಾರ್. ಮೆಲ್ಲಗೇ ಹಾಡಿ. ಆಮೇಲೆ ತಲೆ ಎತ್ತಿ ನಿಂತಿರೋ ಸದ್ದನ್ನ ಅದುಮಿ, ಕೆಳಗೆ ಬಿದ್ದಿರೋ ಸದ್ದನ್ನ ಎತ್ತಿ. ಎಲ್ಲಾ ಒಂದೇ ಸಮ ಆದ್ಮೇಲೆ ಒಟ್ಟಿಗೆ ಮೇಲಕ್ಕೆ ತಳ್ಳಿ. ಇಷ್ಟೇ ಗುಟ್ಟು.”

ಸೋದರಮಾವ ಹಾಸಿಗೆಯನ್ನು ಎತ್ತಿ ಕಿಟಕಿಗೆ ಒರಗಿಸಿದ. ಬಾಗಿಲಿಗೆ ದುಪ್ಪಟಿ ಕಟ್ಟಿದ. ಫ್ಯಾನು ನಿಲ್ಲಿಸಿದ.

“ನೀವು ಹೊರಗಿರಿ ಡ್ರೈವರಣ್ಣ, ಸದ್ದಾಗಬಾರದು.”

“ನಾನೆಲ್ಲಿ ಸದ್ದು ಮಾಡ್ತೀನಿ? ತಪ್ಪಿದ್ರೆ ಹೇಳೋಕೆ ಒಬ್ರು ಬೇಡ್ವಾ?” ಎಂದು ಅವರು ಇದ್ದೊಂದು ಕುರ್ಚಿಯಲ್ಲಿ ಕೂತೇಬಿಟ್ಟರು.

ಹೆಡ್‌ಫೋನಿನಲ್ಲಿ ಶ್ರುತಿ ತುಂಬಿಕೊಂಡು, ಬೆವರು ಸುರಿಸುತ್ತಾ ಸೋದರಮಾವ ನಿಂತೇ ಹಾಡಿದ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಡ್ರೈವರಣ್ಣ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಹುಟ್ಟಿದಾಗಿನಿಂದ ಇವನ ಹಾಡನ್ನು ಕಣ್ಣು ಮುಚ್ಚಿ ಕೇಳಿದವರು ಯಾರಿದ್ದರು? ಹಾಡು ಮುಗಿದರೂ ಅವರು ಕಣ್ಣು ತೆರೆಯಲಿಲ್ಲ. ಆ ತನ್ಮಯತೆಯನ್ನು ಕೆಡಿಸಲು ಮನಸ್ಸಾಗದೆ, ರೆಕಾರ್ಡಿಂಗನ್ನು ಓಡಲು ಬಿಟ್ಟು, ಹೆಡ್‌ಫೋನು ಹಾಕಿಕೊಂಡೇ ಬಹಳ ಹೊತ್ತು ಕೈಕಟ್ಟಿ ನಿಂತ. ಕಣ್ಣು ಒದ್ದೆಯಾಗಿತ್ತು. ಆ ಕೊನೆಯ ಮೌನವೂ ಹಾಡಿನ ಭಾಗವೇ, ಅದನ್ನು ಕತ್ತರಿಸಬಾರದು ಎಂದು ಅಲ್ಲೇ ತೀರ್ಮಾನಿಸಿದ.

ಮಧ್ಯಾಹ್ನವೆಲ್ಲ ಅದುಮಿದ್ದೇ ಅದುಮಿದ್ದು, ಎತ್ತಿದ್ದೇ ಎತ್ತಿದ್ದು. ಎಚ್ಚೆತ್ತಿದ್ದ ಡ್ರೈವರಣ್ಣ ಪಕ್ಕದಲ್ಲಿ ನಿಂತು “ಇನ್ನೂ ಸ್ವಲ್ಪ ತಳ್ಳು” ಎನ್ನುತ್ತಲೇ ಇದ್ದರು. ಮೊದಲ ಸಾಲು ಹಾಕಿದರೆ ಮೇಜಿನ ಮೇಲಿನ ಲೋಟ ನಡುಗಿತು. ಉಳಿದದ್ದನ್ನು ಕೇಳುವ ತಾಳ್ಮೆ ಇಬ್ಬರಿಗೂ ಉಳಿದಿರಲಿಲ್ಲ. ಕಳಿಸಿಬಿಟ್ಟ.

ಸಂಜೆಯಾದರೂ ತಂಗಿಯಿಂದ ಸುದ್ದಿಯಿಲ್ಲ. ಅಮ್ಮ ನಾಲ್ಕು ಸಲ ಫೋನು ನೋಡಿದಳು. ಐದನೆಯ ಸಲ ಅದೇ ಹೊಡೆದುಕೊಂಡಿತು. ಆ ಕಡೆಯಿಂದ ಪಿಸುಮಾತು.

“ಅಣ್ಣಾ, ಮೆಲ್ಲಗೆ ಮಾತಾಡು. ಮಗು ಮಲಗಿದೆ.”

ಸೋದರಮಾವನ ಎದೆಯುಬ್ಬಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇವನೊಬ್ಬನೇ ಅಲ್ಲ, ನಾನೂ ಮಲಗಿದ್ದೆ, ಇವ್ರೂ ಮಲಗಿದ್ರು. ಈಗ್ಲೇ ಎದ್ದಿದ್ದು. ಏನು ಮಾಡಿದ್ಯೋ ಮಾರಾಯ!”

“ಹಾಡು ಅಷ್ಟು ಚೆನ್ನಾಗಿತ್ತಾ?”

“ಹಾಡಿಗೆ ಬಾಯಿ ಬಡ್ಕೊಂಡು ಅತ್ತ ಕಣೋ, ಬೇಜಾರು ಮಾಡ್ಕೋಬೇಡ. ಹಾಡು ಮುಗಿದ್ಮೇಲೆ ಒಂದು ಬರುತ್ತಲ್ಲ, ಗೊರ್ ಅಂತ ಮೇಲೆ ಹೋಗಿ ಪುಸ್ ಅಂತ ಇಳಿಯುತ್ತೆ... ಅದು ಶುರುವಾಗಿದ್ದೇ ತಡ, ಕಣ್ಣು ಮುಚ್ಚಿಬಿಟ್ಟ. ಅದ್ಯಾವ ವಾದ್ಯ?”

ಸೋದರಮಾವ ಹಾಡಿನ ಕೊನೆಯನ್ನು ಹಾಕಿದ. ಅದುಮಿ, ಎತ್ತಿ, ತಳ್ಳಿದ ಮೌನವು ಏರು ಹತ್ತುವ ಬಸ್ಸಿನಂತೆ ಕೋಣೆ ತುಂಬಿತು.

“ಇದು ನಮ್ಮ ಡ್ರೈವರಣ್ಣನ ಗೊರಕೆ ಅಲ್ವೇನೋ!” ಅಮ್ಮ ತಕ್ಷಣ ಗುರುತಿಸಿದಳು. ಗೋಡೆಯ ಈಚೆ ಎಷ್ಟು ವರ್ಷದಿಂದ ಕೇಳುತ್ತಿದ್ದಾಳೆ.

“ಯಾವುದಾದ್ರೂ ಆಗ್ಲಿ,” ಎಂದಳು ತಂಗಿ. “ಹಾಡು ತೆಗೆದು ಬರೀ ಅದನ್ನೇ ಉದ್ದಕ್ಕೆ ಕಳಿಸು. ಇವನು ಏಳೋದ್ರೊಳಗೆ.”

ಡ್ರೈವರಣ್ಣನಿಗೆ ವಿಷಯ ಹೇಳಬೇಕಾಗಿಯೇ ಇರಲಿಲ್ಲ. ಗೋಡೆ ತೆಳ್ಳಗಿತ್ತು. ಗಡ್ಡ ಹೆರೆದು, ಇಸ್ತ್ರಿಯ ಅಂಗಿ ತೊಟ್ಟು, ಕಂಕುಳಲ್ಲಿ ತಮ್ಮದೇ ದಿಂಬು ಇಟ್ಟುಕೊಂಡು ಬಂದರು. ಕಿಟಕಿಗೆ ಒರಗಿಸಿದ್ದ ಹಾಸಿಗೆ ನೆಲಕ್ಕಿಳಿಯಿತು. ಅದರ ಮೇಲೆ ಕಾಲು ಚಾಚಿ ಮಲಗಿ, ಮೈಕನ್ನು ಮೂಗಿನ ಹತ್ತಿರಕ್ಕೆ ಇಡಿಸಿಕೊಂಡರು. ಸೋದರಮಾವ ಹೆಡ್‌ಫೋನು ಹಾಕಿಕೊಂಡು, ಉಸಿರು ಬಿಗಿಹಿಡಿದು ಕಾದ.

ಎಷ್ಟು ಹೊತ್ತಾದರೂ ಏನೂ ಇಲ್ಲ. ಡ್ರೈವರಣ್ಣ ಒಂದು ಕಣ್ಣು ತೆರೆದರು.

“ತಮ್ಮಾ, ನಿದ್ದೆ ಹತ್ತುತ್ತಿಲ್ಲ. ನಿನ್ನ ಹಾಡು ಹಾಡು ನೋಡೋಣ,” ಎಂದರು. “ಆ ಮೈಕು ಮಾತ್ರ ನಾನು ಮಲಗಿದ್ಮೇಲೆ ಆನ್ ಮಾಡು.”