ಸೋದರಮಾವನ ತೊಡೆಗೆ ಬಿ.ಪಿ. ಪಟ್ಟಿ

ನನ್ನ ತಂಗಿಯ ಮಗಳು ಸುಮನಾಳ ಮದುವೆ ಕಾಪುವಿನಲ್ಲಿ ನಡೆದದ್ದು 2008ನೇ ಇಸವಿಯ ಫೆಬ್ರವರಿ 10, ಭಾನುವಾರ. ಆಕರ: ಲಗ್ನಪತ್ರಿಕೆ. ವಾರವನ್ನು ಪಂಚಾಂಗದೊಂದಿಗೆ ತಾಳೆ ನೋಡಿದ್ದೇನೆ. ಶಾಸನಗಳ ಕಾಲನಿರ್ಣಯದಲ್ಲಿಯೇ ವೃತ್ತಿಜೀವನ ಸವೆಸಿದವನು ನಾನು; ನನ್ನ ಮಾತನ್ನು ಧಾರಾಳವಾಗಿ ನಂಬಬಹುದು.

ನಮ್ಮಲ್ಲಿ ಮದುಮಗಳನ್ನು ಸೋದರಮಾವ ಎತ್ತಿಕೊಂಡು ಮಂಟಪಕ್ಕೆ ತರುವುದು ಪದ್ಧತಿ. ಅವಳಿಗಿರುವ ಸೋದರಮಾವ ನಾನೊಬ್ಬನೇ. ಆದರೆ ಮಣಿಪಾಲದ ನಮ್ಮ ಮನೆಯ ಮೆಟ್ಟಿಲು ಹತ್ತುವಾಗಲೇ ನನ್ನ ಮೊಣಕಾಲು ನಡುಗುತ್ತಿತ್ತು. ಕೈ ಹಿಡಿದು ಕರೆತಂದರೂ ಶಾಸ್ತ್ರ ಆಗುತ್ತದೆ ಎಂದು ತಂಗಿ ಸಮಾಧಾನ ಹೇಳಿದಳು. ಆ ಸಮಾಧಾನವೇ ನನ್ನನ್ನು ಕೆರಳಿಸಿತು.

ಅದೇ ಸಮಯಕ್ಕೆ ಗ್ರಂಥಾಲಯದಲ್ಲಿ ಒಂದು ಲೇಖನ ಕಣ್ಣಿಗೆ ಬಿತ್ತು. ತೊಡೆಯ ಮೇಲ್ಭಾಗಕ್ಕೆ ಪಟ್ಟಿ ಬಿಗಿದು, ರಕ್ತದ ಹರಿವನ್ನು ಸ್ವಲ್ಪ ತಡೆದು, ನಿಧಾನವಾಗಿ ನಡೆದರೆ ವಯಸ್ಸಾದವರ ಕಾಲಿಗೂ ಬಲ ಬರುತ್ತದಂತೆ! ಭಾರ ಎತ್ತುವುದು ಬೇಡ, ಓಡುವುದು ಬೇಡ, ಬರೀ ನಡಿಗೆ! ತಜ್ಞರ ಮೇಲ್ವಿಚಾರಣೆ ಕಡ್ಡಾಯವೆಂದು ಕೊನೆಯಲ್ಲಿ ಬರೆದಿತ್ತು. ನಾನೂ ತಜ್ಞನೇ. ಶಾಸನದಲ್ಲಾದರೇನಂತೆ!

ಮೊದಲು ಸೈಕಲ್ ಟ್ಯೂಬ್ ಕತ್ತರಿಸಿ ಪಂಚೆಯೊಳಗೆ ಕಟ್ಟಿಕೊಂಡೆ. ಬೀದಿಯ ತಿರುವು ತಲುಪುವಷ್ಟರಲ್ಲಿ ಟ್ಯೂಬುಗಳು ಪಾದಕ್ಕೆ ಜಾರಿ ಒಂದಕ್ಕೊಂದು ತೊಡರಿಕೊಂಡವು. ಕುಪ್ಪಳಿಸುತ್ತ ಮನೆಗೆ ಮರಳಿದೆ. ಹೆಂಡತಿ ವಾರಿಜ ಕಾರಣ ಕೇಳಿದಳು. ಸಂಶೋಧನೆ ಎಂದೆ. ಆ ಪದ ಕೇಳಿದ ಮೇಲೆ ಅವಳು ಎಂದೂ ಎರಡನೆಯ ಪ್ರಶ್ನೆ ಕೇಳಿದವಳಲ್ಲ.

ಆಮೇಲೆ ಹೊಳೆದದ್ದು ಬಿ.ಪಿ. ನೋಡುವ ಯಂತ್ರದ ಪಟ್ಟಿ. ಮನೆಯಲ್ಲೊಂದಿತ್ತು. ಇನ್ನೊಂದನ್ನು ಪಕ್ಕದ ಮನೆಯ ನಿವೃತ್ತ ನರ್ಸ್ ಫಿಲೋಮಿನಾ ಬಾಯಿಯವರಿಂದ ಕಡ ತಂದೆ. ತೋಳಿಗೆಂದು ಮಾಡಿದ ಪಟ್ಟಿ ನನ್ನ ತೊಡೆಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಸಮಸ್ಯೆಯ ಮೂಲವೂ ಅದೇ! ಮರುದಿನ ಗೇಟಿನ ಬಳಿ ಸಿಕ್ಕ ಅವರು ನನ್ನ ಕಾಲಿನತ್ತ ನೋಡಿದರು.

"ಎಂತ ಸರ್, ನನ್ನ ಮೆಷಿನ್ನಿನ ಬಾಲ ನಿಮ್ಮ ಪಂಚೆಯಿಂದ ಹೊರಗೆ ಉಂಟಲ್ಲ?"

ಗಾಳಿ ಒತ್ತುವ ರಬ್ಬರ್ ಗುಂಡು ಮೊಣಕಾಲ ಕೆಳಗೆ ತೂಗಾಡುತ್ತಿತ್ತು. ವಿಷಯ ತಿಳಿದ ಅವರು ನನ್ನನ್ನು ವೈದ್ಯರಲ್ಲಿಗೆ ಎಳೆದೊಯ್ದು, ಒಪ್ಪಿಗೆ ಪಡೆದು, ಆಮೇಲೆ ತಾವೇ ಮುಂದೆ ನಿಂತು ಹದವಾಗಿ ಗಾಳಿ ತುಂಬಿ ನಡೆಸಿದರು. ಬಲ ನಿಜಕ್ಕೂ ಬಂತು! ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿದೆ. ಉತ್ಸಾಹದಲ್ಲಿ ಅಕ್ಕಿಯ ಮೂಟೆಯನ್ನೂ ಎತ್ತಿದೆ.

"ಅಕ್ಕಿ ರೇಷ್ಮೆ ಸೀರೆ ಉಡುವುದಿಲ್ಲ ಮಾರಾಯ್ರೆ, ನಗಾಡುವುದೂ ಇಲ್ಲ" ಎಂದು ವಾರಿಜ ಎಚ್ಚರಿಸಿದಳು.

ಮದುವೆಯ ದಿನ ಪಟ್ಟಿ ಕೂಡದೆಂದು ಫಿಲೋಮಿನಾ ಬಾಯಿ ಕಟ್ಟುನಿಟ್ಟಾಗಿ ಹೇಳಿದ್ದರು. ಕೊನೆಯ ಹೊತ್ತಿನ ಬಲಕ್ಕೆಂದು ನಾನು ಗುಟ್ಟಾಗಿ ಕಟ್ಟಿಕೊಂಡೆ. ಗಾಳಿಯನ್ನೂ ಉದಾರವಾಗಿ ತುಂಬಿದೆ. ವಾದ್ಯ ನಿಂತಿತು. ಸುಮನಾಳನ್ನು ಎತ್ತಲು ಬಗ್ಗಿದೆ. ಚರ್ರ್! ಕಿತ್ತುಬಂದದ್ದು ಪಟ್ಟಿಯ ವೆಲ್ಕ್ರೋ. ಪಂಚೆ ಹರಿಯಿತೆಂದು ಇಡೀ ಸಭೆ ತಿಳಿಯಿತು. ನಾನೂ ಹಾಗೆಯೇ ತಿಳಿದೆ!

ಆದರೂ ಎದೆಗುಂದದೆ ಅವಳನ್ನು ಎತ್ತಿ ಮಂಟಪದಲ್ಲಿ ಇಳಿಸಿದೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಅಂದಿನಿಂದ ಕಾರ್ಕಳದ ನೆಂಟರಿಗೂ ಉಡುಪಿಯ ಮಿತ್ರರಿಗೂ ಹಾಗೆಯೇ ಹೇಳುತ್ತ ಬಂದಿದ್ದೇನೆ.

ಈ ಬರಹಕ್ಕಾಗಿ ಮದುವೆಯ ಸೀಡಿಯನ್ನು ತರಿಸಿ ನೋಡಿದೆ. ಅದರಲ್ಲಿ ನಾನು ಎರಡೂ ಕೈಗಳಿಂದ ಪಂಚೆ ಹಿಡಿದುಕೊಂಡು, ಮರಗಟ್ಟಿದ ಕಾಲುಗಳ ಮೇಲೆ ವಾಲುತ್ತಿದ್ದೇನೆ.

"ಮಾವ, ನೀವು ಪಂಚೆ ಬಿಡಬೇಡಿ. ಉಳಿದದ್ದು ನಾವು ನೋಡಿಕೊಳ್ತೇವೆ" ಎಂಬ ಸುಮನಾಳ ಧ್ವನಿ ಸ್ಪಷ್ಟವಾಗಿ ಕೇಳಿಸುತ್ತದೆ. ಬಳಿಕ ಒಂದು ಕಡೆ ಮದುಮಗಳು, ಇನ್ನೊಂದು ಕಡೆ ಫಿಲೋಮಿನಾ ಬಾಯಿ. ದೃಶ್ಯವನ್ನು ನಿಲ್ಲಿಸಿ ಪರಿಶೀಲಿಸಿದ್ದೇನೆ: ಮಂಟಪದವರೆಗೂ ನನ್ನ ಪಾದಗಳು ನೆಲಕ್ಕೆ ತಾಗಿಲ್ಲ.