ಪ್ಲೇಗಿನ ಊರು ಕಾಯ್ದಿದ್ದು

ನಾ ಎಲ್ಲಿ ಕಾವಲಿಗೆ ನಿಂತ್ರೂ ಇಂಥವೇ ಗಂಟು ಬೀಳ್ತಾವ ನೋಡ್ರಿ. ಈ ಸಲ ಒಂದಕ್ಷರ ಸುಳ್ಳಿಲ್ಲ. ಬಾಜೂಕ ಕುಂತು ತೊಗರಿಬ್ಯಾಳಿ ಹಸನ ಮಾಡ್ಲಿಕತ್ತಾಳಲ್ಲ, ನನ್ನ ಹೆಂಡ್ತಿ, ಅಕಿ ಆಣಿ. ಅಕಿ ತಲಿ ಎತ್ತಲಿಲ್ಲ.

ನಿಜಾಮನ ಕಾಲ. ನಾ ಸೇಡಂ ಠಾಣೇದಾಗ ಹೊಸಾ ಪೊಲೀಸ ಜವಾನ. ಕಾಗಿಣಾ ಹೊಳಿ ದಂಡಿ ಮ್ಯಾಲಿನ ಒಂದೂರಾಗ ಇಲಿ ಸತ್ತು ಬೀಳ್ಲಿಕ್ಕೆ ಸುರು ಆತು. ಪ್ಲೇಗು ಬಂತಂತ ಇಡೀ ಊರು ಮನಿ ಬಿಟ್ಟು ಹೊಲದಾಗ ಗುಡಿಸಲು ಹಾಕ್ಕೊಂಡಿತು. ಖಾಲಿ ಊರಿಗೆ ನಾನೊಬ್ಬ ಕಾವಲು. ಠಾಣೇದ ದೊಡ್ಡ ಅಧಿಕಾರಿ ಅಮೀನಸಾಬ ಮೊದಲೇ ಹೇಳಿದ್ದ: "ಒಳಗ ಒಂದು ಜೀವ ಸಿಕ್ರೂ ನಿನ್ನ ನಡದ ಪಟ್ಟಾ ಕಸ್ಕೊಂಡು ಮನಿಗೆ ಕಳಸ್ತೀನಿ."

ಬೀಸುಕಲ್ಲು

ದಿನಾ ಮಧ್ಯಾಹ್ನ ಓಣಿ ಓಣಿ ತಿರುಗಿ, ಎಲ್ಲಾ ಬಾಗಲಕ್ಕ ಬಡಿಗಿಲೆ ಬಡದು, ಕೀಲಿ ಜಗ್ಗಿ ನೋಡಬೇಕು. ನಾಯಿ ಇಲ್ಲ, ಕಾಗಿ ಇಲ್ಲ. ಫರಸಿ ಕಲ್ಲಿನ ಮ್ಯಾಲ ನನ್ನ ಚಪ್ಪಲಿ ಸಪ್ಪಳ ಒಂದೇ. ನಾ ನಿಂತ ಮ್ಯಾಲೂ ಒಂದು ಹೆಜ್ಜಿ ಹೆಚ್ಚಿಗಿ ಕೇಳ್ತಿತ್ತು.

ಬಾವಿ ಮುಂದಿನ ಮನಿಗೆ ಬಂದೆ. ಹೊರಗ ಕೀಲಿ ಹಾಕ್ಯದ, ಒಳಗ ಬೀಸುಕಲ್ಲು ತಿರಗ್ಲಿಕತ್ತದ. ಬಾಗಲ ಬಡದೆ. ಸಪ್ಪಳ ನಿಂತಿತು.

"ಸರಕಾರಿ ಹುಕುಂ ಅದ, ಯಾರೂ ಬೀಸಬಾರದು," ಅಂದೆ.

ಕಲ್ಲು ಇನ್ನೂ ಜೋರಿಲೆ ತಿರಗ್ಲಿಕತ್ತಿತು. ಸರಕಾರಕ್ಕ ಅಂಜಲಾರದ್ದು ದೆವ್ವ ಒಂದೇ, ಖಾತ್ರಿ ಆತು.

ಬಿಸಿ ರೊಟ್ಟಿ

ಮರುದಿನ ಅದೇ ಮನ್ಯಾಗಿಂದ ರೊಟ್ಟಿ ವಾಸನಿ. ಅಂಜಿಕಿಕಿಂತ ಹಸಿವಿ ದೊಡ್ಡದು. ಹಿತ್ತಲ ಬಾಗಲದ ಕಿಂಡಿಗೆ ಕಣ್ಣು ಹಚ್ಚಿದೆ. ಆ ಕಡಿಂದನೂ ಒಂದು ಕಣ್ಣು.

"ಪ್ಲೇಗಮ್ಮಾ," ಅಂತು ಒಳಗಿನ ದನಿ, "ದಿನಾ ಎಲ್ಲಾರ ಬಾಗಲ ಬಡಕೋತ ತಿರಗ್ತಿದ್ದಿ. ನಿನ್ನಿ ನಂದೂ ಬಡದಿ. ತಗೋ ನಮ್ಮವ್ವ, ಇದನ್ನ ತಿಂದು ಹೋಗಿಬಿಡು."

ಕಿಂಡ್ಯಾಗಿಂದ ಬಿಸಿ ರೊಟ್ಟಿ ಬಂತು. ನಾ ಮೊದಲು ಅದನ್ನ ತಿಂದೆ. ಗಂಡಸಂತ ಆಮ್ಯಾಲೆ ಹೇಳಿದೆ.

ಒಳಗಿದ್ದಕಿ ಒಬ್ಬ ಮುದುಕಿ. ಎಷ್ಟು ಹೇಳಿದ್ರೂ ಬರವಲ್ಲಳಂತ ಮಗ ಹೊರಗ ಕೀಲಿ ಹಾಕಿ, ಅವ್ವ ಕೊಡ್ಲಿ ಅನ್ನೋ ಊರಿಗೆ ಹೋಗ್ಯಾಳಂತ ಎಲ್ಲಾರಿಗೂ ಹೇಳಿಬಿಟ್ಟಿದ್ದ.

"ಆಯಿ, ಇಲಿ ಬಿದ್ದಾವೇನು?"

"ನಿನ್ನಿ ಒಲಿ ಮುಂದ ಎರಡು ಬಿದ್ವು."

"ಮತ್ತ ಸಾಯ್ತಿ. ಹೊರಗ ಬಾ."

"ಒಂದೇ ಗುಡಿಸಲದಾಗ ಸೊಸಿ ಜೋಡಿ ಇರಬೇಕಲ್ಲೋ ತಮ್ಮ. ಅದಕ್ಕಿಂತ ಪ್ಲೇಗೇ ಛಲೋ."

ಅಮೀನಸಾಬನ ಕುದುರಿ

ಮುದುಕಿ ಉಳಿಬೇಕು, ನನ್ನ ಪಟ್ಟಾನೂ ಉಳಿಬೇಕು. "ನಿನ್ನ ಸೊಸಿ ಅಲ್ಲಿ ನಿನ್ನ ತುಪ್ಪದ ಗಡಗಿ ತೆಗದು ಓಣಿಗೆಲ್ಲ ಹಂಚ್ಲಿಕತ್ತಾಳ," ಅಂದೆ.

ಹಿತ್ತಲ ಬಾಗಲದ ಅಗಳಿ ತೆಗೆದ ಸಪ್ಪಳ ಆತು. ಮಾರಿ ತುಂಬ ಹಿಟ್ಟು, ಬಿಳೇ ಸೀರಿ, ಬಿಚ್ಚಿದ ಕೂದಲು. "ಹೊತ್ಕೊ," ಅಂದ್ಳು, "ಮೊಣಕಾಲು ಹಿಡದಾವ." ಹೊತ್ಕೊಂಡೆ. ಹತ್ತಿ ಅರಳಿ ಹಂಗ ಹಗುರ.

ಊರ ಅಗಸಿ ಬಾಗಲ ದಾಟಬೇಕು, ಎದುರಿಗೆ ಕುದುರಿ ಮ್ಯಾಲ ಅಮೀನಸಾಬ.

"ನಿನ್ನ ಬೆನ್ನ ಮ್ಯಾಲ ಯಾರು ಅದಾರಲೇ?"

ಪಟ್ಟಾ ಹೋತಂತ ತಿಳದು, "ಯಾರೂ ಇಲ್ರಿ ಸಾಬ್," ಅಂದೆ.

ಅಂವ ಮುದುಕಿ ಮಾರಿ ನೋಡಿದ, ನನ್ನ ಮಾರಿ ನೋಡಿದ. ಅಷ್ಟೊತ್ತಿಗೆ ಮುದುಕಿ ಹೆಗಲ ಮ್ಯಾಲಿಂದ ಬಗ್ಗಿ, "ತುಪ್ಪ ಎಲ್ಲಿ ಅದೋ?" ಅಂದ್ಳು. ಕುದುರಿ ಮೊದಲು ಓಡಿತೋ, ಸಾಬ ಓಡಿಸಿದನೋ, ಸೇಡಂ ತನಕ ಧೂಳೇ ಧೂಳು. ಆಮ್ಯಾಲೆ ಅಂವ ಆ ಊರಿನ ಹೆಸರು ಎತ್ತಲಿಲ್ಲ.

ಮುದುಕಿ ಬದುಕಿದ್ಳು. ಅವ್ವನ ಜೀವ ಉಳಿಸ್ದಿ ಅಂತ ಮಗ ಖುಷಿಯಾಗಿ ಮುಂದ ತನ್ನ ಮಗಳನ್ನೇ ನನಗ ಕೊಟ್ಟ. ಆ ಮಗಳೇ ಇಕಿ, ಇಲ್ಲಿ ಕುಂತಕಿ.

ನನ್ನ ಹೆಂಡ್ತಿ ಈಗ ತಲಿ ಎತ್ತಿದ್ಳು. "ನಮ್ಮಪ್ಪನ ಅವ್ವ, ನಮ್ಮ ಆಯಿ ಸತ್ತ ಮ್ಯಾಲೇ ನಮ್ಮವ್ವ ಆ ಮನಿಗೆ ಸೊಸಿಯಾಗಿ ಬಂದದ್ದು. ನೀವು ಹೊತ್ಕೊಂಡು ಬಂದದ್ದು ಯಾರನ್ನ?"

ನಾ ಎಲಿ ಅಡಿಕಿ ಆ ಗಲ್ಲದಿಂದ ಈ ಗಲ್ಲಕ್ಕ ಹಾಕ್ಕೊಂಡೆ. "ನೋಡು," ಅಂದೆ, "ಬೆನ್ನ ಮ್ಯಾಲ ಯಾರೂ ಇಲ್ಲಂತ ಅಮೀನಸಾಬಗ ನಾ ಖರೇನೇ ಹೇಳಿದ್ದೆ."